ಗೃಹಾರಂಭ ಕಾಲನಿರ್ಣಯ

ಸ್ವಂತ ಮನೆಯ ಯೋಜನೆಯನ್ನು ಯಾವಾಗ ಆರಂಭಿಸಬೇಕು ಎಂಬ ಪ್ರಶ್ನೆಗೆ ಕರ್ನಾಟಕದ ಮಧ್ಯಮವರ್ಗದಲ್ಲಿ ಮುಖ್ಯವಾಗಿ ಮೂರು ಪಕ್ಷಗಳಿವೆ. ಮೊದಲನೆಯದು ಬಾಡಿಗೆಪಕ್ಷ, ಬಾಡಿಗೆದಾರನ ಮನೆಗೆ ನೆಂಟರು ಬಂದಿಳಿದ ದಿನವೇ ಮನೆಯ ಮಾಲೀಕರು ನೀರಿನ ಮೋಟರನ್ನು ನಿಲ್ಲಿಸುತ್ತಾರೆ, ಆ ಕ್ಷಣದಲ್ಲಿಯೇ ಸ್ವಂತ ಮನೆಯ ಸಂಕಲ್ಪ ಹುಟ್ಟುತ್ತದೆ ಎಂಬುದು ಇದರ ನಿಲುವು. ಎರಡನೆಯದಾದ ನಿವೇಶನಪಕ್ಷದವರು, ಸೈಟು ಕೈಗೆ ಬರುವ ಮೊದಲೇ ಯೋಚಿಸುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಎಂದು ವಾದಿಸುತ್ತಾರೆ. ಮೂರನೆಯದು ನಿವೃತ್ತಿಪಕ್ಷ, ಭವಿಷ್ಯನಿಧಿಯೂ ಗ್ರಾಚ್ಯುಟಿಯೂ ಒಟ್ಟಿಗೆ ಕೈಸೇರುವ ಕಾಲವೇ ಪ್ರಶಸ್ತವೆಂದು ಇವರು ಹೇಳುತ್ತಾರಾದರೂ, ಅಷ್ಟು ಹೊತ್ತಿಗೆ ಮಕ್ಕಳು ದೂರದ ಊರುಗಳನ್ನು ಸೇರಿ, ಅವರಿಗೆಂದು ಮಹಡಿಯ ಮೇಲೆ ಕಟ್ಟಿಸಿದ ಕೋಣೆಗಳನ್ನು ಗುಡಿಸಲು ಹತ್ತಿಹೋಗುವುದಕ್ಕೂ ಮಂಡಿಗಳು ಒಪ್ಪದ ಸ್ಥಿತಿ ಬಂದಿರುತ್ತದೆ ಎಂಬ ಆಕ್ಷೇಪಕ್ಕೆ ಅವರಲ್ಲಿ ಸಮಾಧಾನವಿಲ್ಲ.

ಮೂರು ಪಕ್ಷಗಳಿಗೂ ಸಮಾನವಾದ ದೋಷವೊಂದಿದೆ. ಮನೆ ಕಟ್ಟುವಾಗ ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಮುಂದೆ ತಿದ್ದಬಹುದಾದವು ಕೆಲವು, ಜನ್ಮದಲ್ಲಿ ತಿದ್ದಲಾಗದವು ಕೆಲವು. ತಿದ್ದಲಾಗದವೆಲ್ಲ ಮೊದಲು ಬರುತ್ತವೆ, ತಿದ್ದಬಹುದಾದವು ಕೊನೆಗೆ ಬರುತ್ತವೆ. ಆದರೆ ಗೃಹಸ್ಥನ ಶ್ರದ್ಧೆ ಮಾತ್ರ ತದ್ವಿರುದ್ಧ ದಿಕ್ಕಿನಲ್ಲಿ ಹರಿಯುತ್ತದೆ. ಹಾಲಿಗೆ ಹಾಸುವ ಟೈಲ್ಸು ದಂತದ ಬಣ್ಣದ್ದೋ ಕೆನೆಯ ಬಣ್ಣದ್ದೋ ಎಂದು ತೀರ್ಮಾನಿಸಲು ಇಡೀ ಕುಟುಂಬ ಮೂರು ಭಾನುವಾರ ನಾಲ್ಕು ಅಂಗಡಿ ಅಲೆಯುತ್ತದೆ. ಆ ಟೈಲ್ಸಿನ ಕೆಳಗಿರುವ ನೆಲ ಯಾರದು ಎಂಬ ಪ್ರಶ್ನೆಯಾದರೋ ಬ್ರೋಕರನ ಸ್ಕೂಟರಿನ ಹಿಂದಿನ ಸೀಟಿನಲ್ಲಿ, ಅರ್ಧ ಗಂಟೆಯಲ್ಲಿ, ಗಾಳಿಯ ಸದ್ದಿನ ನಡುವೆ ಇತ್ಯರ್ಥವಾಗುತ್ತದೆ.

ನೆಲದ ಪ್ರಶ್ನೆಯನ್ನೇ ಮೊದಲು ಪರಿಶೀಲಿಸಬಹುದು. ಕೃಷಿಭೂಮಿಯನ್ನು ಭೂಪರಿವರ್ತನೆ ಮಾಡಿಸದೆ, ಅಂದರೆ ಅದನ್ನು ವಾಸಕ್ಕೆ ಬಳಸಲು ಸರ್ಕಾರದ ಅನುಮತಿ ಪಡೆಯದೆ, ಕಲ್ಲು ನೆಟ್ಟು ಮಾರಿದರೆ ಅದು ರೆವಿನ್ಯೂ ಸೈಟು ಎನಿಸುತ್ತದೆ. ಆಸ್ತಿಯ ಮೇಲೆ ಮಾರಾಟ, ಅಡಮಾನ ಮುಂತಾದ ಯಾವ ನೋಂದಾಯಿತ ವ್ಯವಹಾರಗಳು ನಡೆದಿವೆ ಎಂದು ಉಪನೋಂದಣಾಧಿಕಾರಿಯ ಕಚೇರಿ ನೀಡುವ ಪತ್ರಕ್ಕೆ ಋಣಭಾರ ಪ್ರಮಾಣಪತ್ರವೆಂಬುದು ಶಾಸ್ತ್ರೀಯ ನಾಮ, ಇಸಿ ಎಂಬುದು ಲೋಕನಾಮ. ವ್ಯವಹಾರ ನಡೆದಿದ್ದರೆ ಅದು ನಮೂನೆ 15ರಲ್ಲಿಯೂ, ನಡೆಯದಿದ್ದರೆ ನಮೂನೆ 16ರಲ್ಲಿಯೂ ಬರುತ್ತದೆ. ಇವೆಲ್ಲವನ್ನೂ ವಿಚಾರಿಸಬೇಕಾದವನು ಅಡ್ವಾನ್ಸ್ ಕೊಡುವ ಮುನ್ನ ವಿಚಾರಿಸುವುದಿಲ್ಲ. ಕೊಟ್ಟ ಮೇಲೆ, ಸೈಟಿನ ಮೂಲಮಾಲೀಕನ ಇಬ್ಬರು ತಂಗಿಯರು ತಮ್ಮ ಸಹಿ ಎಲ್ಲಿ ಎಂದು ವಕೀಲರ ಮೂಲಕ ಕೇಳಿದಾಗ, ವಂಶವೃಕ್ಷದ ಅಧ್ಯಯನದಲ್ಲಿ ಅವನಿಗೆ ಏಕಾಏಕಿ ಆಸಕ್ತಿ ಮೂಡುತ್ತದೆ. ಗೋಡೆ ಸರಿಬಾರದಿದ್ದರೆ ಒಡೆದು ಕಟ್ಟಿಸಬಹುದು. ಖಾತೆಗೆ ಆ ಸೌಕರ್ಯವಿಲ್ಲ.

ಕಾಗದಪತ್ರಗಳಿಗೆ ಸಿಗದ ಗೌರವ ಆಯಕ್ಕೆ ಸಿಗುತ್ತದೆ. ಆಯವೆಂದರೆ ಕಟ್ಟಡದ ಉದ್ದ ಅಗಲಗಳನ್ನು ಗುಣಿಸಿ, ಬಂದ ಮೊತ್ತವನ್ನು 8ರಿಂದ ಭಾಗಿಸಿ, ಉಳಿದ ಶೇಷದಿಂದ ಫಲ ಹೇಳುವ ಲೆಕ್ಕ; ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಎಂಟರಲ್ಲಿ ಬೆಸಸಂಖ್ಯೆಯವು ಶುಭ, ಸಮಸಂಖ್ಯೆಯವು ಅಶುಭ. ಕೆಲವರು ಭಾಗಿಸುವ ಮೊದಲು 9ರಿಂದ ಗುಣಿಸಿ ಲೆಕ್ಕಕ್ಕೆ ಗಾಂಭೀರ್ಯ ತರುತ್ತಾರಾದರೂ, ಶೇಷ ಮೊದಲಿದ್ದಷ್ಟೇ ಉಳಿಯುತ್ತದೆ ಎಂಬುದು ಗಣಿತದ ಉಡಾಫೆ. ಈ ಲೆಕ್ಕ ಕಟ್ಟಡಕ್ಕೆ ಸಲ್ಲುವುದೇ ಹೊರತು ಸೈಟಿಗಲ್ಲ. ಅದು ಒಳ್ಳೆಯದೇ ಆಯಿತು, ಏಕೆಂದರೆ ಅಡಿಯ ಲೆಕ್ಕದಲ್ಲಿ 20×30, 30×40, 40×60 ಎಂಬ ಬಡಾವಣೆಗಳ ಪ್ರಸಿದ್ಧ ಅಳತೆಗಳೆಲ್ಲವೂ 8ರಿಂದ ನಿಶ್ಶೇಷವಾಗಿ ಭಾಗವಾಗಿ ಕಾಕಾಯಕ್ಕೆ ಬೀಳುತ್ತವೆ, ಆ ಪ್ರಕಾರ ಅರ್ಧ ಬೆಂಗಳೂರು ಕಾಗೆಯ ಪಾಲಾಗಬೇಕಾಗಿತ್ತು. ಸುತ್ತ ಜಾಗ ಬಿಟ್ಟು ಕಟ್ಟುವ ಮನೆ 24×33 ಆದರೆ ಅದೂ ಕಾಕಾಯವೇ. ಅಗಲವನ್ನು ಒಂದಡಿ ಹಿಗ್ಗಿಸಿ 25 ಮಾಡಿದರೆ 825 ಬಂದು, 1 ಉಳಿದು, ಧ್ವಜಾಯವಾಗುತ್ತದೆ. ಹಾಗೆ ಹಿಗ್ಗಿದ ಒಂದಡಿಯು ನಗರಪಾಲಿಕೆಯ ನಿಯಮದಂತೆ ಖಾಲಿ ಬಿಡಬೇಕಾದ ಜಾಗದೊಳಕ್ಕೆ ಚಾಚಿಕೊಂಡು, ಬಾವುಟ ಮನೆಯ ಮೇಲೆಯೂ ನೋಟಿಸು ಬಾಗಿಲ ಮೇಲೆಯೂ ಏಕಕಾಲದಲ್ಲಿ ಹಾರಾಡುವ ಯೋಗ ಒದಗುತ್ತದೆ.

ಹಣದ ಕಾಲಕ್ಕೂ ಪಂಚಾಂಗದ ಕಾಲಕ್ಕೂ ಹೊಂದಾಣಿಕೆಯಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳನ್ನು ಕಳೆದು, ಮಧ್ಯೆ ಅಧಿಕಮಾಸ ಬಂದರೆ ಅದನ್ನೂ ಕಳೆದು, ಉಳಿದ ದಿನಗಳಲ್ಲಿ ಗುದ್ದಲಿ ಪೂಜೆಗೆ ಮುಹೂರ್ತ ಸಿಕ್ಕಿತೆಂದರೆ ಆ ದಿನ ಮೇಸ್ತ್ರಿ ತನ್ನ ಊರಿನ ಜಾತ್ರೆಗೆ ಹೋಗಿರುತ್ತಾನೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷ ರೂಪಾಯಿವರೆಗಿನ ಗೃಹಸಾಲವು ಆಸ್ತಿಯ ಮೌಲ್ಯದ ಶೇ. 90ರಷ್ಟನ್ನೂ, 75 ಲಕ್ಷದವರೆಗಿನದು ಶೇ. 80ರಷ್ಟನ್ನೂ ಮೀರುವಂತಿಲ್ಲ, ಉಳಿದದ್ದು ಸಾಲಗಾರನ ಕೈಯಿಂದಲೇ ಬರಬೇಕು. ಮಂಜೂರಾದ ಹಣವನ್ನೂ ಬ್ಯಾಂಕು ಒಮ್ಮೆಗೇ ಕೊಡದೆ, ಪಾಯ ಮುಗಿದ ಮೇಲೆ ಇಷ್ಟು, ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಇಷ್ಟು, ಛಾವಣಿಯ ಮೋಲ್ಡ್ ಆದ ಮೇಲೆ ಇಷ್ಟು ಎಂದು ಹಂತಹಂತವಾಗಿ ಬಿಡುಗಡೆ ಮಾಡುತ್ತದೆ. ಹಣ ಬಂದರೆ ಪಾಯ ಹಾಕುವೆನೆಂದು ಮೇಸ್ತ್ರಿಯೂ, ಪಾಯ ಕಂಡರೆ ಹಣ ಕೊಡುವೆನೆಂದು ಬ್ಯಾಂಕೂ ಹೇಳುವ ಈ ಬೀಜವೃಕ್ಷನ್ಯಾಯವನ್ನು ಮಾವನ ಮನೆಯ ಕೈಸಾಲವೊಂದೇ ಪರಿಹರಿಸಬಲ್ಲದು.

ಯೋಜನೆಯ ಕೊರತೆ ಮೊದಲಬಾರಿಗೆ ಕಣ್ಣಿಗೆ ಬೀಳುವುದು ಮಾರ್ಕಿಂಗಿನ ದಿನ. ದಾರ ಹಿಡಿದು, ಮೂಲೆಮಟ್ಟ ನೋಡಿ, ಬಿಳಿಯ ಪುಡಿಯಲ್ಲಿ ಗೋಡೆಗಳ ಗುರುತನ್ನು ನೆಲದ ಮೇಲೆ ಎಳೆದಾಗ, ಬಯಲಿನ ನಡುವೆ ಪ್ರತಿಯೊಂದು ಕೋಣೆಯೂ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಗೃಹಿಣಿಯು ಅಡಿಗೆಮನೆಯ ಗೆರೆಯೊಳಗೆ ನಿಂತು, ಎರಡು ಕೈ ಚಾಚಿ, “ಇಷ್ಟೇನಾ?” ಎನ್ನುತ್ತಾಳೆ. “ಗೋಡೆ ಎದ್ದ ಮೇಲೆ ದೊಡ್ಡದಾಗಿ ಕಾಣ್ತದಮ್ಮ” ಎಂದು ಮೇಸ್ತ್ರಿ ಹೇಳುವ ಮಾತು ಸತ್ಯವಾದರೂ ಯಾರೂ ನಂಬುವುದಿಲ್ಲ. ನಕ್ಷೆಯಲ್ಲಿ ಆರು ತಿಂಗಳು ಕಣ್ಣೆದುರಿಗಿದ್ದಾಗ ಯಾರೂ ಅಳೆಯದ ಅಡಿಗೆಮನೆಯನ್ನು, ಜೆಸಿಬಿ ಬಾಡಿಗೆಯ ಮೀಟರು ಓಡುತ್ತಿರುವಾಗ, ಅತ್ತೆ, ಭಾವಮೈದುನ, ಪಕ್ಕದ ಸೈಟಿನ ವಾಚ್‌ಮನ್ ಎಲ್ಲರೂ ಸೇರಿ ತಿದ್ದಲಾರಂಭಿಸುತ್ತಾರೆ.

ಹಾಗಾದರೆ ಸಿದ್ಧಾಂತವೇನು? ತಿದ್ದಲಾಗದ ವಿಷಯಗಳ ಜ್ಞಾನ ಸೈಟು ಕೊಳ್ಳುವ ಮೊದಲೇ ಬೇಕು. ಆದರೆ ಆ ಜ್ಞಾನವಿರುವುದು ಮನೆ ಕಟ್ಟಿ ಮುಗಿಸಿದವರಲ್ಲಿ ಮಾತ್ರ. ಸಂಪಿಗೆ ನೀರು ಬರುವುದು ವಾರಕ್ಕೆ ಎಷ್ಟು ದಿನ, ಮಳೆಗಾಲದಲ್ಲಿ ರಸ್ತೆ ಯಾವ ಕಡೆಗೆ ಹರಿಯುತ್ತದೆ, ಖಾತೆಗೆ ಎಷ್ಟು ಸಲ ಓಡಾಡಬೇಕಾಯಿತು, ಕಂಟ್ರಾಕ್ಟರು ಚದರಕ್ಕೆ, ಅಂದರೆ 100 ಚದರ ಅಡಿಗೆ, ಹೇಳಿದ ದರದಲ್ಲಿ ಏನೇನು ಸೇರಿರಲಿಲ್ಲ ಎಂಬುದೆಲ್ಲ ಅವರಿಗೆ ಕಂಠಪಾಠವಾಗಿರುತ್ತದೆ, ಕೇಳುವವರು ಮಾತ್ರ ಇರುವುದಿಲ್ಲ. ಗೃಹಪ್ರವೇಶಕ್ಕೆ ಬಂದವರೆಲ್ಲ ಟೈಲ್ಸಿನ ಬಣ್ಣ ಹೊಗಳಿ, ಗೋಡೆ ಗಡಿಯಾರದ ಉಡುಗೊರೆ ಕೊಟ್ಟು ಹೊರಡುತ್ತಾರೆ. ಆದ್ದರಿಂದ ಸ್ವಂತ ಮನೆಯ ಯೋಜನೆಗೆ ಅತ್ಯಂತ ಪ್ರಶಸ್ತವಾದ ಕಾಲವೆಂದರೆ ಪರರ ಗೃಹಪ್ರವೇಶದ ಕೊನೆಯ ಪಂಕ್ತಿ ಎದ್ದ ನಂತರದ ಮಧ್ಯಾಹ್ನ ಎಂದು ನಿರ್ಣಯಿಸಬಹುದು. ಹೋಮದ ಹೊಗೆಗೆ ಕಣ್ಣು ಕೆಂಪಾದ ಯಜಮಾನನು ಪಂಚೆ ಮೇಲೆತ್ತಿ ಕಟ್ಟಿ ಕುಳಿತಾಗ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು “ಇನ್ನೊಂದು ಸಲ ಕಟ್ಟಿಸೋದಾದರೆ ಏನು ಬದಲಾಯಿಸ್ತೀರಿ?” ಎಂದು ಕೇಳಿದರೆ ಸಾಕು, ಸಂಜೆಯ ಕಾಫಿಯವರೆಗೂ ಅವನು ನಿಲ್ಲಿಸುವುದಿಲ್ಲ, ಮತ್ತು ಎಂಜಿನಿಯರು ಶುಲ್ಕ ಪಡೆದು ಹೇಳದ ವಿಷಯಗಳೆಲ್ಲ ಎಲೆ ಅಡಿಕೆಯ ಜೊತೆಗೆ ಪುಕ್ಕಟೆಯಾಗಿ ದೊರೆಯುತ್ತವೆ.