ಅಂಗಳದ ನೌಕಾದಳ

ದೋಣಿ ಹುಚ್ಚು ಕಡಲ ಕಡೆಯವರಿಗಷ್ಟೇ ಅಂತ ತಿಳಿದವರು ನಮ್ಮ ಮಾಮಾನನ್ನು ನೋಡಿಲ್ಲ. ಸೊಲ್ಲಾಪುರದ ಅಕ್ಕಲಕೋಟ ರೋಡಿನ ಮನೆ, ಅಂಗಳದಲ್ಲಿ ಬೇವಿನ ಗಿಡ, ಅದರ ಬುಡಕ್ಕೆ ಈಗ 14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟನಂತೆ. ಜೀವನವೆಲ್ಲ ಜರ್ಮನ್ ಪಾತ್ರೆ ತಿಕ್ಕಿದ ಅತ್ತಿ, "ಇಷ್ಟು ದೊಡ್ಡ ಬೋಗುಣ್ಯಾಗ ಏನ್ ಕುದಸೂದ್ರಿ?" ಅಂದರು.

"ಬೋಗುಣಿ ಅಲ್ಲ, ಇದು ವಿಮಾನದ ಕುಲ" ಅಂದರು ಮಾಮಾ. ಪೂರಾ ಸುಳ್ಳೇನಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾದಳಕ್ಕೆ ಯುದ್ಧವಿಮಾನ ಕಟ್ಟಿಕೊಟ್ಟ ಗ್ರಮ್ಮನ್ ಕಂಪನಿ, 1945ರಲ್ಲಿ ಯುದ್ಧ ಮುಗಿದ ಮೇಲೆ ಅದೇ ತಗಡು, ಅದೇ ರಿವಿಟ್ ಕಸುಬಿನಿಂದ ದೋಣಿ ಮಾಡಿ ಮಾರಿತು. ಮಾಮಾನ ದೋಣಿಗೂ ಆ ಮನೆತನಕ್ಕೂ ಇರುವ ನಂಟು, ನನಗೂ ಅಕ್ಕಲಕೋಟದ ಭೋಸಲೆ ರಾಜರಿಗೂ ಇರುವಷ್ಟೇ.

ಗುರಿ ಕುರನೂರು ಧರಣ, ಅಂದರೆ ಅಣೆಕಟ್ಟು. ನಳದುರ್ಗದ ಕೋಟೆಯೊಳಗೆ ಆದಿಲಶಾಹಿ ಕಟ್ಟೆ ದಾಟಿ ಧುಮುಕುವ ಬೋರಿ ಹೊಳೆ, ಅಕ್ಕಲಕೋಟ ತಾಲೂಕಿಗೆ ಬಂದು ಅಲ್ಲಿ ನಿಲ್ಲುತ್ತದೆ. ಅಲ್ಲಿ ದೋಣಿ ಬಿಡೋದು, ದಂಡೆಯಲ್ಲಿ ಕೂತು ಕಡಕ್ ರೊಟ್ಟಿ ತಿನ್ನೋದು, ಸ್ವಾಮಿ ಸಮರ್ಥರ ದರ್ಶನ ಮಾಡಿಕೊಂಡು ತಿರುಗಿ ಬರೋದು. ಅಡ್ಡಿ ಒಂದೇ, ತಳ ಸೋರುತ್ತಿತ್ತು. ಇಂಥ ದೋಣಿಯಲ್ಲಿ ತಗಡು ಹರಿಯೋದಕ್ಕಿಂತ ರಿವಿಟ್ ಸಡಿಲಾಗೋದೇ ಹೆಚ್ಚು. ಅಲೆಯ ಪೆಟ್ಟಿಗೆ ಎರಡು ತಗಡು ಒಂದರ ಮೇಲೊಂದು ಉಜ್ಜಾಡಿ, ದುಂಡು ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿ, ಕೂದಲೆಳೆಯ ಸಂದಿಯಿಂದ ನೀರು ಒಳಗೆ ಜಿನುಗುತ್ತದೆ.

ಸುದ್ದಿ ಬಾಳಿವೇಸ್ ಪೇಟೆಗೆ ಮುಟ್ಟಿತು. ಸೊಲ್ಲಾಪುರದಲ್ಲಿ ನಳ ನಾಲ್ಕೈದು ದಿನಕ್ಕೊಮ್ಮೆ, ಸಲಹೆ ಮಾತ್ರ 24 ತಾಸು. "ಎಂ-ಸೀಲ್ ಮೆತ್ತ್ರಿ ಕಾಕಾ, ನಮ್ಮ ಟಾಕಿಗಿ ಹಚ್ಚಿದ್ದು ಇನ್ನೂ ಗಟ್ಟಿ ಅದ" ಅಂದ ಒಬ್ಬ. ಟಾಕಿ ಕೂತಲ್ಲೇ ಕೂತಿರುತ್ತದಪ್ಪಾ. ದೋಣಿ ಬಳುಕುತ್ತದೆ, ಮೆತ್ತಿದ್ದು ಚಕ್ಕೆಯೆದ್ದು ಬರುತ್ತದೆ. ಹರಗೋಲು ಕಂಡ ಇನ್ನೊಬ್ಬ ಡಾಂಬರು ಬಳಿಯಿರಿ ಅಂದ. ಮತ್ತೊಬ್ಬ ತಾಮ್ರದ ರಿವಿಟ್ ತೋರಿಸಿ, "ಮೊಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ" ಅಂತ ಆಣೆ ಮಾಡಿದ. ಖರೆ ಮಾತು. ನೀರಿನಲ್ಲಿ ತಾಮ್ರದ ಸಹವಾಸಕ್ಕೆ ಬಿದ್ದ ಅಲ್ಯೂಮಿನಿಯಂ ಸುತ್ತಲೂ ಬೆಳ್ಳಗೆ ಪುಡಿಯಾಗಿ ಕರಗುತ್ತದೆ. ಮೊಮ್ಮಕ್ಕಳಿಗೆ ರಿವಿಟ್ ಉಳಿಯುತ್ತದೆ, ದೋಣಿ ಉಳಿಯೋದಿಲ್ಲ. ಕೊನೆಗೆ ಒಬ್ಬ ಹುಡುಗ ಪಾಪ್ ರಿವಿಟ್ ಹಿಡಿದು ಬಂದ. ಸಾದಾ ಪಾಪ್ ರಿವಿಟ್ಟಿಗೆ ನಟ್ಟನಡುವೆ ತೂತಿರುತ್ತದೆ. ಹಳೇ ತೂತು ಮುಚ್ಚಿ ಹೊಸ ತೂತು ಕೂರಿಸೋ ಈ ಉಪಾಯಕ್ಕೆ ಚಹಾ ಕುಡಿಸಿ ಕಳಿಸಿದೆವು.

ಸೋರುವ ರಿವಿಟ್ ಯಾವುದು ಅಂತ ಹುಡುಕಬೇಕಲ್ಲ? ಅದಕ್ಕೆ ಕ್ರಮ ಉಲ್ಟಾ. ದೋಣಿಯನ್ನು ಎತ್ತಿಟ್ಟು ಒಳಗೇ ನೀರು ಹೊಯ್ದು, ಕೆಳಗೆ ಅಂಗಾತ ಮಲಗಿ, ಹನಿ ಮೂಡಿದಲ್ಲಿ ಗುರುತು ಹಾಕಬೇಕು. ತಳ ಮುಚ್ಚುವಷ್ಟಕ್ಕೇ 400 ಲೀಟರ್! "ನಳ ಬಂದು ಮೂರ್ ದಿನಾ ಆತು, ದೋಣಿಗಿ ನೀರು ಕುಡಸ್ತೀರೇನ್ರಿ?" ಅಂತ ಅತ್ತಿ ಸೊಂಟಕ್ಕೆ ಸೆರಗು ಸಿಗಿಸಿದರು. 12ನೇ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿ ಕೆರೆ ತೋಡಿಸಿದ ಊರಿದು. ದೋಣಿಯೊಳಗೆ ಕೆರೆ ಕಟ್ಟೋ ವಿಚಾರ ಆ ಪುಣ್ಯಾತ್ಮನಿಗೂ ಹೊಳೆದಿರಲಿಕ್ಕಿಲ್ಲ. ಮೇಲಾಗಿ 400 ಲೀಟರ್ ಅಂದರೆ 400 ಕಿಲೋ. ಹೊರಗಿನ ಒತ್ತಡ ತಡೆಯಲು ಕಟ್ಟಿದ ಹೊಟ್ಟೆಯನ್ನು ಒಳಗಿನಿಂದ ನೂಕಿದರೆ ಗಟ್ಟಿಯಿದ್ದ ರಿವಿಟ್ಟೂ ಸಡಿಲಾದಾವೆಂದು ತಳದುದ್ದಕ್ಕೂ ಹಲಗೆ, ಗೋಣಿಚೀಲ ಕೊಟ್ಟಿದ್ದಾಯಿತು. ಟ್ಯಾಂಕರಿನವನು ಪೈಪು ಎಲ್ಲಿ ಬಿಡಬೇಕೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಸೋರುವ ರಿವಿಟ್ಟಿಗೆಲ್ಲ ಗುರುತು ಬಿತ್ತು, ಇನ್ನು ಬಡಿಯೋದು. ಇದು ಒಬ್ಬರ ಕೆಲಸವಲ್ಲ. ಹೊರಗಿನಿಂದ ಒಬ್ಬರು ರಿವಿಟ್ಟಿನ ತಲೆಗೆ ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬರು ಅದರ ಬಾಲಕ್ಕೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು. ಬಾಲ ಚಪ್ಪಟೆಯಾದಷ್ಟೂ ತಗಡು ಬಿಗಿ. ಹೊಡೆಯುವವರಿಗೆ ಹೆಸರು, ಹಿಡಿಯುವವರಿಗೆ ಕಿವಿಯಲ್ಲಿ ಗುಂಯ್. ಹಿಡಿಯೋ ಹೊತ್ತಿಗೆ ಎಂ-ಸೀಲಿನವನಿಗೆ ಯಾರದೋ ಲಗ್ನ, ಡಾಂಬರಿನವನಿಗೆ ಸೊಂಟನೋವು, ತಾಮ್ರದವನ ಫೋನು ಬಂದ್. ಕೊನೆಗೆ ಮಗ್ಗುಲಾಗಿಸಿದ ದೋಣಿಯೊಳಗೆ ಹೋಗಿ ಕೂತವರು ಅತ್ತಿ, ಕೈಯಲ್ಲಿ ಶೇಂಗಾ ಚಟ್ನಿ ಕುಟ್ಟುವ ಖಲಬತ್ತಾದ ಕಬ್ಬಿಣದ ದಿಂಡು. ಪೆಟ್ಟು ಬಿದ್ದಾಗೊಮ್ಮೆ ದಿಂಡಿಗಂಟಿದ್ದ ಖಾರಪುಡಿ ಉದುರುತ್ತಿತ್ತು, ಸೀನು ಇಬ್ಬರಿಗೂ. "ವಾರೆ ಬಿತ್ತು", "ಇನ್ನೊಂದ್ ಹಾಕ್ರಿ", "ಸಾಕು, ಕೂತದ" ಅಂತ ಒಳಗಿನಿಂದ ತೀರ್ಪು. ತೀರಾ ಹಿಗ್ಗಿದ ತೂತುಗಳಿಗೆ ಹಳೇ ರಿವಿಟ್ ಕೊರೆದು ತೆಗೆದು, ಸೀಲಂಟಿನಲ್ಲಿ ಅದ್ದಿದ ದಪ್ಪನೆಯ ಅಲ್ಯೂಮಿನಿಯಂ ರಿವಿಟ್ ಕೂರಿಸಿದರು.

ನಳ ಬಂದ ದಿನ ಪರೀಕ್ಷೆ. ಮಾಮಾ ಟಾರ್ಚು ಹಿಡಿದು ಕೆಳಗೆ ತಾಸುಗಟ್ಟಲೆ ಬಿದ್ದುಕೊಂಡರೂ ಒಂದು ಹನಿ ಇಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ನೀರು ಚೆಲ್ಲಲು ಬಕೆಟ್ ಎತ್ತಿದರೆ, ಬೇವಿನೆಲೆ ಬೀಳದ ಹಾಗೆ ಅತ್ತಿ ದೋಣಿಗೆ ಹಳೇ ಸೊಲ್ಲಾಪುರಿ ಚಾದರ ಹೊಚ್ಚುತ್ತಿದ್ದಾರೆ!

"ಮುಟ್ಟಬ್ಯಾಡ್ರಿ. ಅರಿವಿ-ಬಾಂಡೆಕ್ಕ ನಾಕ್ ದಿನಾ ಆಗತದ."

"ಮತ್ತ ಕುರನೂರು?"

"ನಳ ದಿನಾ ಬರ್ಲಿ, ಆಮ್ಯಾಲ ನೋಡೋಣು."

ಈಗ ಎಂ-ಸೀಲಿನವನು ದಿನಾ ಗುಜರಿಗೆ ಹೋಗಿ ಬರುತ್ತಿದ್ದಾನೆ. ಅವನಿಗೆ 16 ಅಡಿಯದ್ದೇ ಬೇಕಂತೆ, ಮನೆಯಲ್ಲಿ ಮಂದಿ ಜಾಸ್ತಿ.