ಅತ್ತೆಯ ನೈಟಿ ಗೋಡೆಗೇರಿದ್ದು

ನಮ್ಮ ಅತ್ತೆ ಸದ್ಯಕ್ಕೆ ಫ್ರಿಜ್ಜಿನ ಜೊತೆ ಮಾತ್ರ ಮಾತಾಡುತ್ತಿದ್ದಾರೆ. ‘ಹಾಲು ಮುಗೀತು, ಯಾರಾದ್ರೂ ತಂದರೆ ತರಬಹುದು’ ಅಂತ ಅದಕ್ಕೇ ಹೇಳುತ್ತಾರೆ. ‘ಕೆಲವರಿಗೆ ದೊಡ್ಡವರ ಮರ್ಯಾದೆ ಅಂದ್ರೆ ಏನೂಂತ ಗೊತ್ತಿಲ್ಲ’ ಅಂತಲೂ ಅದಕ್ಕೇ ಹೇಳುತ್ತಾರೆ. ಆ ‘ಕೆಲವರು’ ಅಂದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಪುಸ್ತಕದ ಮೇಲೆ ತಟ್ಟೆ ಇಟ್ಟುಕೊಂಡು ಉಪ್ಪಿಟ್ಟು ತಿನ್ನುತ್ತಿರುವ ನನ್ನ ಮಗಳು ಇಂಚರ. ಮಾವ ಪೇಪರಿನ ಹಿಂದೆ ಅಡಗಿದ್ದಾರೆ. ಹೊಟ್ಟೆ ಕುಲುಕುವುದು ಮಾತ್ರ ಪೇಪರಿನ ಕೆಳಗೆ ಕಾಣುತ್ತಿದೆ. ನಾನು ನಗುವ ಹಾಗಿಲ್ಲ. ಸೊಸೆ. ಅದರಲ್ಲೂ ಆ ನೈಟಿ ಕೊಡಿಸಿದ ಸೊಸೆ.

ನೈಟಿಯ ಪೂರ್ವಚರಿತ್ರೆ ಗೊತ್ತಿಲ್ಲದವರಿಗೆ ಈ ಜಗಳ ಅರ್ಥವಾಗುವುದಿಲ್ಲ. ನಾನು ಮದುವೆಯಾಗಿ ಸರಸ್ವತಿಪುರಂನ ಈ ಮನೆಗೆ ಬಂದಾಗ ನೈಟಿಗೆ ಮಲಗುವ ಕೋಣೆಯ ಹೊಸ್ತಿಲೇ ಗಡಿ. ಒಂದು ಬೆಳಿಗ್ಗೆ ನೀರು ಕುಡಿಯೋಣ ಅಂತ ಹಾಗೇ ಅಡುಗೆಮನೆಗೆ ಬಂದುಬಿಟ್ಟಿದ್ದೆ. ಅತ್ತೆ ಬೈಯಲಿಲ್ಲ. ಒಲೆ ಕಡೆ ತಿರುಗಿ ‘ಮಾವ ಎದ್ದಿದಾರೆ’ ಅಂದರು, ಅಷ್ಟೆ. (ಆಗಲೂ ಅವರು ಸಾಮಾನುಗಳ ಜೊತೆಗೇ ಮಾತಾಡುತ್ತಿದ್ದರು ಅನ್ನುವುದು ಈಗ ಹೊಳೆಯುತ್ತಿದೆ.) ಅಮೆರಿಕದ ವಿಮಾನ ಹತ್ತುವವರೆಗೂ ನನಗೆ ಕಾಫಿಗೆ ಮುಂಚೆ ಸೀರೆ.

ಆಮೇಲೆ ಅತ್ತೆಯ ಮಂಡಿ ಸವೆಯಿತು. ನೆರಿಗೆ ಕಾಲಿಗೆ ತೊಡರಿ ಬಚ್ಚಲಮನೆಯಲ್ಲಿ ಬಿದ್ದರು. ರಜಕ್ಕೆ ಬಂದಿದ್ದ ನಾನು ದೇವರಾಜ ಅರಸು ರಸ್ತೆಗೆ ಹೋಗಿ ಕಾಟನ್ ನೈಟಿ ತಂದುಕೊಟ್ಟೆ: ಬದನೆಕಾಯಿ ಬಣ್ಣ, ಮೈತುಂಬ ಹಳದಿ ಹೂವು, ಪಕ್ಕದಲ್ಲಿ ಜೇಬು. ‘ಥೂ, ಇದನ್ನ ಯಾರು ಹಾಕ್ಕೋತಾರೆ’ ಅಂದರು. ಮುಂದಿನ ಸಲ ಬಂದಾಗ ಸೀರೆಗಳೆಲ್ಲ ಬೀರುವಿನಲ್ಲಿ ನುಸಿಗುಳಿಗೆ ಮೂಸುತ್ತಾ ಮಲಗಿದ್ದವು. ನೈಟಿ ಅಡುಗೆಮನೆ ಗೆದ್ದು, ಹಾಲ್ ಗೆದ್ದು, ಗೇಟಿನವರೆಗೆ ಬಂದು ಬೀಡುಬಿಟ್ಟಿತ್ತು. ಗೇಟಿನಲ್ಲಿ ಮಾತ್ರ ಒಂದು ನಿಯಮ, ಹೆಗಲ ಮೇಲೆ ಟರ್ಕಿ ಟವೆಲ್. ಟವೆಲ್ ಹೆಗಲೇರಿದರೆ ನೈಟಿ ಇಲ್ಲ ಅಂತಲೇ ಲೆಕ್ಕ. ಇದು ಮೈಸೂರಿನ ಎಲ್ಲ ಬಡಾವಣೆಗಳೂ ಒಪ್ಪಿಕೊಂಡಿರುವ ಕಾನೂನು.

ಈ ಸಲ ನಾವು ನ್ಯೂಜೆರ್ಸಿಯಿಂದ ದಸರಾಕ್ಕೆ ಬಂದು ಇಲ್ಲೇ ಠಿಕಾಣಿ ಹೂಡಿದ್ದೇವೆ. ನನ್ನದು ಲ್ಯಾಪ್‌ಟಾಪ್ ನೌಕರಿ, ಎಲ್ಲಿ ಕೂತರೂ ನಡೆಯುತ್ತದೆ. ಇಂಚರಳ ಕಾಲೇಜೂ ಒಂದು ಸೆಮಿಸ್ಟರ್ ಆನ್‌ಲೈನ್ ಓದಲು ಬಿಟ್ಟಿದೆ. ಅವಳದ್ದು ಬಯಾಲಜಿ. ಅವಳಪ್ಪ ಮನಸ್ಸಿನಲ್ಲೇ ಅವಳ ಕೊರಳಿಗೆ ಸ್ಟೆತಾಸ್ಕೋಪು ಹಾಕಿ ಆಗಿದೆ. ಆದರೆ ಹುಡುಗಿ ಕೊರಳಿಗೆ ಹಾಕಿಕೊಂಡಿದ್ದು ಕ್ಯಾಮೆರಾ. ‘ಒಂದೇ ಒಂದು ಆಪ್ಷನಲ್ ಅಮ್ಮ’ ಅಂತ ಫೋಟೋಗ್ರಫಿ ತಗೊಂಡಳು. ಈಗ ಆ ಒಂದು ಆಪ್ಷನಲ್ಲು ಉಳಿದ ವಿಷಯಗಳನ್ನೆಲ್ಲ ಮುಕ್ಕುತ್ತಿದೆ. ಮೇಷ್ಟರು ಕೊಟ್ಟ ಕೆಲಸ ಇಷ್ಟು: ಒಂದು ಊರು, ಅಲ್ಲಿನ ಜನ, ಯಾರೂ ಪೋಸ್ ಕೊಟ್ಟಿರಬಾರದು.

ಅಲ್ಲಿ ಮಧ್ಯಾಹ್ನ ಎರಡು ಗಂಟೆಯ ಪಾಠ ಇಲ್ಲಿ ರಾತ್ರಿ ಹನ್ನೊಂದೂವರೆಗೆ. ಕೋಣೆಯಿಂದ ಬೆಂಜೀನು, ಅಮೈನು ಅಂತ ಗೊಣಗುವುದು ಕೇಳಿಸುತ್ತದೆ. ಅತ್ತೆ ಎದ್ದು, ಬಾಗಿಲ ಹತ್ತಿರ ಬಾದಾಮಿ ಹಾಲು ಇಟ್ಟು, ಸದ್ದು ಮಾಡದೆ ಬರುತ್ತಾರೆ. ಬೆಳಕು ಹರಿಯುವ ಮುಂಚೆ ಹುಡುಗಿ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ. ಹೆಜ್ಜಾರ್ಲೆಗಳಿಗಾಗಿ ಅಲ್ಲ, ಹೆಜ್ಜಾರ್ಲೆಗಳ ಎದುರಿಗೆ ಕೈ ಬೀಸಿಕೊಂಡು ವಾಕಿಂಗ್ ಮಾಡುವ ರಿಟೈರ್ಡ್ ಮೇಷ್ಟರುಗಳಿಗಾಗಿ. ‘ನಿದ್ದೆ ಯಾವಾಗ್ಲೇ ಮಾಡ್ತೀಯ?’ ಅಂದರೆ, ‘ಜೂಮ್‌ನಲ್ಲಿ ಕ್ಯಾಮೆರಾ ಆಫ್ ಮಾಡ್ಬಹುದು ಅಮ್ಮ’ ಅನ್ನುತ್ತಾಳೆ. ಲಕ್ಷಗಟ್ಟಲೆ ಫೀಸು ಕಟ್ಟಿ ಕ್ಯಾಮೆರಾ ಆಫ್ ಮಾಡಿ ನಿದ್ದೆ, ಊರೆಲ್ಲ ತಿರುಗಲು ಮಾತ್ರ ಕ್ಯಾಮೆರಾ ಆನ್.

ಅಸಿಸ್ಟೆಂಟು ನಮ್ಮ ಮಾವ. ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ಉದ್ಯೋಗ. ಟ್ರೈಪಾಡು ಹೊತ್ತುಕೊಂಡು ಸ್ಕೂಟರಿನಲ್ಲಿ ಹೊರಡುತ್ತಾರೆ, ಹೋದಲ್ಲೆಲ್ಲ ಕೆಲಸ ಕೆಡಿಸುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಬಾಳೆಲೆ ಕಟ್ಟಿನ ಮೇಲೆ ಒರಗಿ ತೂಕಡಿಸುತ್ತಿದ್ದವನನ್ನು ಇವಳು ಉಸಿರು ಬಿಗಿಹಿಡಿದು ಫ್ರೇಮಿಗೆ ಕೂರಿಸುವಷ್ಟರಲ್ಲಿ, ಮಾವ ‘ಏಳಪ್ಪಾ ಏಳು, ಅಮೆರಿಕದ ಫೋಟೋ! ತಲೆ ಬಾಚ್ಕೋ’ ಅಂತ ತಟ್ಟಿ ಎಬ್ಬಿಸಿ ತಮ್ಮ ಬಾಚಣಿಗೆ ಕೊಟ್ಟರು. ಅಲ್ಲಿನ ಕುಂಕುಮದ ಬಣ್ಣಬಣ್ಣದ ಗೋಪುರಗಳನ್ನು ಇವಳು ತೆಗೆಯದೇ ಇದ್ದಿದ್ದಕ್ಕೆ ಅವರಿಗೆ ಇನ್ನೂ ಬೇಸರ. ಮೈಸೂರಿಗೆ ಬಂದ ಪ್ರವಾಸಿಗಳೆಲ್ಲ ಅದನ್ನು ತೆಗೆದಿರುವುದರಿಂದಲೇ ಇವಳಿಗೆ ಬೇಡ, ಎಲ್ಲರೂ ತೆಗೆದಿರುವುದರಿಂದಲೇ ಅವರಿಗೆ ಬೇಕು. ಜಂಬೂಸವಾರಿಯ ದಿನವೂ ಅದೇ. 750 ಕೆಜಿಯ ಚಿನ್ನದ ಅಂಬಾರಿ ಕಣ್ಣೆದುರಿಗೆ ಹೋಗುತ್ತಿದ್ದರೆ ಈ ಹುಡುಗಿ ಅದಕ್ಕೆ ಬೆನ್ನು ಹಾಕಿ, ಅಪ್ಪನ ಹೆಗಲ ಮೇಲೆ ನಿದ್ದೆಹೋಗಿದ್ದ ಮಗುವಿನ ಫೋಟೋ ತೆಗೆಯುತ್ತಿದ್ದಳಂತೆ. ‘ಆನೆ ಮುಂದಿನ ವರ್ಷಾನೂ ಬರತ್ತೆ ತಾತ’ ಅಂದಳಂತೆ.

ಮನೆಯಲ್ಲಿ ಕ್ಯಾಮೆರಾ ಇರುವ ಹುಡುಗಿ ಇದ್ದಾಳೆ ಅಂತ ಗೊತ್ತಾದ ಮೇಲೆ ನಂಟರು ಬಿಡುತ್ತಾರೆಯೆ? ‘ಹೇಗೂ ನಮ್ಮ ಇಂಚರ ಇದಾಳಲ್ಲ’ ಅನ್ನುವ ಬಿಟ್ಟಿ ಅಸೈನ್‌ಮೆಂಟುಗಳು ಶುರುವಾದವು. ಮಾವನ ತಮ್ಮನ ಮೊಮ್ಮಗನ ಉಪನಯನಕ್ಕೆ ಇವಳೇ ಫೋಟೋಗ್ರಾಫರು. ರಾತ್ರಿ ಪರೀಕ್ಷೆ ಬೇರೆ ಇತ್ತು. ಹೋಮಕ್ಕೂ ಮಾತೃಭೋಜನಕ್ಕೂ ನಡುವೆ ಕಂಬಕ್ಕೊರಗಿ ಫ್ಲ್ಯಾಶ್‌ಕಾರ್ಡ್ ಓದಿಕೊಂಡಳು. ಆಮೇಲೆ ಫೋಟೋ ಕಳಿಸಿದಳು. ತಲೆ ಬೋಳಿಸಿಕೊಂಡು ಬಿಕ್ಕುತ್ತಿರುವ ವಟು. ಹುಳಿ ಬಡಿಸಿ ಸುಸ್ತಾಗಿ ಬಕೆಟ್ಟಿನ ಪಕ್ಕ ಕೂತ ಅಡುಗೆಭಟ್ಟರು. ಛತ್ರದ ಬಾಗಿಲಲ್ಲಿ ಚಪ್ಪಲಿಯ ರಾಶಿ. ಅದಂತೂ ನಾಲ್ಕು ಕೋನಗಳಿಂದ. ಗ್ರೂಪ್ ಫೋಟೋ ಒಂದೂ ಇಲ್ಲ. ಚಿಕ್ಕಮ್ಮನವರು ಫೋನ್ ಮಾಡಿ, ‘ಅಲ್ಲಮ್ಮಾ, ನನ್ನ ಚಪ್ಪಲಿ ಬಂದಿದೆ, ನಾನು ಬಂದಿಲ್ಲವಲ್ಲ!’ ಅಂದರು. ಆಗ ಅತ್ತೆ ಮೊಮ್ಮಗಳ ಪರ ನಿಂತು ಜಗಳವಾಡಿದರು. ‘ಕಲೆ ಕಣ್ರೀ ಅದು, ಕಲೆ. ನಿಮಗೆಲ್ಲಿ ಗೊತ್ತಾಗತ್ತೆ?’ ಈ ವಾಕ್ಯವನ್ನು ನಾನು ನೆನಪಿಟ್ಟುಕೊಂಡಿದ್ದೇನೆ. ಬಳಸುವ ಧೈರ್ಯ ಮಾತ್ರ ಬಂದಿಲ್ಲ.

ಈಗ ಈ ಜಗಳಕ್ಕೆಲ್ಲ ಕಾರಣವಾದ ಫೋಟೋ. ಬೆಳಿಗ್ಗೆ ಆರೂವರೆ, ಗೇಟಿನ ಹೊರಗೆ ಹೂವಿನವನ ಸೈಕಲ್ಲು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಮಾನ್ಯತೆಯ ಪಟ್ಟ ಸಿಕ್ಕಿದೆ, ಮೊಳಕ್ಕೆ ಮಾತ್ರ ಇನ್ನೂ ಯಾವ ಮಾನ್ಯತೆಯೂ ಸಿಕ್ಕಿಲ್ಲ. ಮೊಳ ಅಂದರೆ ಮೊಣಕೈಯಿಂದ ನಡುಬೆರಳ ತುದಿ. ಯಾರ ಮೊಣಕೈ ಅನ್ನುವುದೇ ಅವನಿಗೂ ಅತ್ತೆಗೂ ವರ್ಷಾಂತರಗಳ ವ್ಯಾಜ್ಯ. ಫೋಟೋದಲ್ಲಿ ಅವನ ಕೈ ಒಂದು ಕಡೆಯಿಂದ, ಅತ್ತೆಯ ಕೈ ಇನ್ನೊಂದು ಕಡೆಯಿಂದ ಚಾಚಿವೆ. ಮಧ್ಯೆ ಹೂವಿನ ಮಾಲೆ. ಇಬ್ಬರ ಬಾಯಿಯೂ ತೆರೆದಿದೆ. ಓರೆಬಿಸಿಲು ಬದನೆಕಾಯಿ ಬಣ್ಣದ ನೈಟಿಯ ಪ್ರತಿಯೊಂದು ಹಳದಿ ಹೂವನ್ನೂ ಬೆಳಗುತ್ತಿದೆ. ಟವೆಲ್ ಹೆಗಲಿಂದ ಜಾರುತ್ತಿದೆ. ಕಣ್ಣಿನಲ್ಲಿ ಎಂಥಾ ಕೆಚ್ಚು! ನನಗೆ ಗೊತ್ತಿರುವ ಅತ್ತೆ ಇಷ್ಟು ಪೂರ್ತಿಯಾಗಿ ಯಾವ ಆಲ್ಬಮ್ಮಿನಲ್ಲೂ ಸಿಕ್ಕಿಲ್ಲ. ನಮ್ಮ ಮದುವೆ ಆಲ್ಬಮ್ಮಿನಲ್ಲೂ ಇಲ್ಲ. ಅಲ್ಲಿ ಅವರು ಪಾಸ್‌ಪೋರ್ಟಿಗೆ ಕೂತಿದ್ದಾರೆ.

ಮೇಷ್ಟರು ಮೆಚ್ಚಿ, ಮೂರಡಿಗೆ ದೊಡ್ಡದು ಮಾಡಿಸಿ ಕಾಲೇಜಿನ ಕಾರಿಡಾರಿನಲ್ಲಿ ತೂಗುಹಾಕಿದರು. ಇಷ್ಟಾದರೂ ಗುಟ್ಟಾಗಿಯೇ ಇರುತ್ತಿತ್ತು. ಆದರೆ ಅತ್ತೆಯ ಸುಪುತ್ರ, ಅಂದರೆ ನ್ಯೂಜೆರ್ಸಿಯಲ್ಲೇ ಉಳಿದಿದ್ದ ನನ್ನ ಯಜಮಾನರು, ಕಾರು ಓಡಿಸಿಕೊಂಡು ಹೋಗಿ ಅಮ್ಮನ ನೈಟಿಯ ಮುಂದೆ ಹಲ್ಲು ಕಿರಿದು ನಿಂತು ಸೆಲ್ಫಿ ತೆಗೆದು ‘ನಮ್ಮ ಕುಟುಂಬ’ ಅನ್ನುವ ವಾಟ್ಸಾಪ್ ಗುಂಪಿಗೆ ಹಾಕಿದರು. ಎಪ್ಪತ್ತು ಜನರ ಗುಂಪು. ಕ್ಷಣದಲ್ಲಿ ನೀಲಿ ಗೀಟುಗಳು ಬಿದ್ದವು. ‘ಸೂಪರ್ ಅತ್ತಿಗೆ’. ‘ದೊಡ್ಡಮ್ಮ ಇಂಟರ್‌ನ್ಯಾಷನಲ್’. ಉಪನಯನದ ಚಿಕ್ಕಮ್ಮನವರು ಒಂದು ಚಪ್ಪಲಿಯ ಎಮೋಜಿ ಮಾತ್ರ ಹಾಕಿದರು. ಕೊನೆಗೆ ಅತ್ತೆಯ ಸ್ವಂತ ತಂಗಿ, ಮಂಡ್ಯದಿಂದ: ‘ಅಕ್ಕಾ, ಆ ಟವೆಲ್ ನಮ್ಮನೇದಲ್ವಾ?’

ಅಲ್ಲಿಂದ ಶುರು. ‘ಬೀರು ತುಂಬ ರೇಷ್ಮೆ ಸೀರೆ ಇಟ್ಕೊಂಡು ನೈಟೀಲಿ ಅಮೆರಿಕಾಗೆ ಹೋದ್ನಾ ನಾನು!’ ಅತ್ತೆಯ ಮೈಸೂರು ರೇಷ್ಮೆಗಳು ಸಾಮಾನ್ಯದವಲ್ಲ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಇಲ್ಲಿನ ಕಾರ್ಖಾನೆಯವೇ, ಒಂದೊಂದನ್ನೂ ಮಾವನ ಬೋನಸ್ಸು ಕಾದು ಕೊಂಡದ್ದು. ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋದಾಗಲೂ ಅವುಗಳಲ್ಲೇ ಒಂದನ್ನು ಉಟ್ಟಿದ್ದರು. ಇಂಚರ ಹೇಳಿದಳು, ‘ಅಜ್ಜಿ, ಇದ್ರಲ್ಲಿ ನೀವು ತುಂಬ ರಿಯಲ್ ಆಗಿದೀರಿ.’ ಫ್ರಿಜ್ಜಿಗೆ ಉತ್ತರ ಹೋಯಿತು, ‘ಹಂಗಾದ್ರೆ ಸೀರೇಲಿ ಇರೋಳು ಡೂಪ್ಲಿಕೇಟಾ?’

ಮಾವ ಸಮಾಧಾನಕ್ಕೆ ಟಿ.ಎಸ್. ಸತ್ಯನ್ ಅವರನ್ನು ಕರೆತಂದರು. ಫೋಟೋ ಅಂದರೆ ಮಾವನಿಗೆ ಸತ್ಯನ್ನೇ. 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ‘ಲೈಫ್’ ಪತ್ರಿಕೆಯಿಂದ ಯುನಿಸೆಫ್‌ವರೆಗೆ ಕೆಲಸ ಮಾಡಿ, 1977ರಲ್ಲಿ ಪದ್ಮಶ್ರೀ ಪಡೆದು, 2009ರಲ್ಲಿ ಇಲ್ಲೇ ಕಣ್ಮುಚ್ಚಿದವರು. ‘ನೋಡೇ, 1979ರಲ್ಲಿ ಮಕ್ಕಳ ವರ್ಷ ಅಂತ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ಅವರ ಫೋಟೋ ಪ್ರದರ್ಶನ ಆಗಿತ್ತು. ಅದರಲ್ಲಿ ಮಕ್ಕಳೇನು ಹಬ್ಬದ ಬಟ್ಟೆ ಹಾಕ್ಕೊಂಡಿದ್ರಾ? ಇದ್ದ ಹಾಗೆ ಇದ್ದವು.’ ಅತ್ತೆಗೆ ಸಿಟ್ಟಿನಲ್ಲಿ ಜ್ಞಾಪಕಶಕ್ತಿ ಇಮ್ಮಡಿಸುತ್ತದೆ. ‘ಅವರು ಯಾದವಗಿರಿ ಆರ್.ಕೆ. ನಾರಾಯಣ್ ಫೋಟೋನೂ ತೆಗೆದಿದ್ರಲ್ಲ, ನೈಟಿ ಹಾಕಿಸಿದ್ರಾ?’ ಫ್ರಿಜ್ಜು ಗುರ್ ಅಂದಿತು. ಮಾವ ಪೇಪರಿನ ಹಿಂದೆ ಹೋದರು.

ಸತ್ಯನ್ ಸೋತ ಮೇಲೆ ಮಾವ ಕೃಪಾಕರ–ಸೇನಾನಿಯವರನ್ನೂ ಎಳೆದರು. ಅದು ಎಡವಟ್ಟಾಯಿತು. ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ನಮ್ಮೂರ ಜೋಡಿ ಅಂತ ಅವರು ಹೇಳಲು ಹೊರಟರೆ, ಅತ್ತೆಗೆ ನೆನಪಿದ್ದದ್ದು 1997ರಲ್ಲಿ ವೀರಪ್ಪನ್ ಅವರಿಬ್ಬರನ್ನೂ ಅಪಹರಿಸಿ ಎರಡು ವಾರ ಕಾಡಿನಲ್ಲಿ ಇಟ್ಟುಕೊಂಡಿದ್ದು. ‘ಕ್ಯಾಮೆರಾ ಹಿಡಿದೋರ ಗತಿ ನೋಡಿ!’ ವೀರಪ್ಪನ್ 2004ರಲ್ಲೇ ಸತ್ತ ಅಂದರೆ, ‘ಅವನ ಕಡೆಯೋರು?’ ಅಂದರು. ಮಾರನೆಯ ದಿನದಿಂದ ಕುಕ್ಕರಹಳ್ಳಿ ಕೆರೆಗೆ ಹೋಗುವಾಗ ಮಾವ ಜೊತೆಗಿರಲೇಬೇಕು ಅಂತಾಯಿತು. ಸಿಟ್ಟು ಒಂದು ಕಡೆ, ಮೊಮ್ಮಗಳ ಕಾಳಜಿ ಇನ್ನೊಂದು ಕಡೆ. ಬಾದಾಮಿ ಹಾಲು ರಾತ್ರಿ ತಪ್ಪಲಿಲ್ಲ. ಲೋಟ ಇಡುವ ಸದ್ದು ಮಾತ್ರ ಜೋರಾಯಿತು.

ಕೊನೆಗೆ ಒಪ್ಪಂದವಾಯಿತು. ಇನ್ನೊಂದು ಫೋಟೋ ತೆಗೆದು ಮೇಷ್ಟರಿಗೆ ಕಳಿಸಬೇಕು, ಅವರು ನೈಟಿ ಇಳಿಸಿ ಅದನ್ನು ಹಾಕಬೇಕು. ಮಾರನೆಯ ಬೆಳಿಗ್ಗೆ ಆರೂವರೆಗೆ ಅತ್ತೆ ಕೆಂಪಂಚಿನ ಗಿಳಿಹಸಿರು ಮೈಸೂರು ರೇಷ್ಮೆ, ಕಾಸಿನ ಸರ, ಓಲೆ, ಎಲ್ಲ ಹಾಕಿಕೊಂಡು ಗೇಟಿಗೆ ಬಂದರು. ಮಂಡಿ ನೋವಿಗೆ ನನ್ನ ಹೆಗಲು ಹಿಡಿದಿದ್ದರು. ಮಾತಿಲ್ಲ, ಆದರೆ ನೆರಿಗೆಯನ್ನು ನಾನೇ ಹಿಡಿಯಲು ಬಿಟ್ಟರು. ಹೂವಿನವನಿಗೆ ಮಾವ ಹಿಂದಿನ ದಿನವೇ ಸುದ್ದಿ ಮುಟ್ಟಿಸಿದ್ದರು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆಗೆ ಎಣ್ಣೆ ಹಚ್ಚಿ, ವಿಭೂತಿ ಇಟ್ಟುಕೊಂಡು ಬಂದಿದ್ದ. ‘ತಗೊಳ್ಳಿ ತಾಯಿ’ ಅಂತ ಎರಡು ಮೊಳಕ್ಕೆ ಮೂರು ಮೊಳ ಅಳೆದುಕೊಟ್ಟ. ಅತ್ತೆ ‘ಬೇಡಪ್ಪಾ, ಜಾಸ್ತಿಯಾಯ್ತು’ ಅಂದರು! ಇಷ್ಟು ವರ್ಷದ ಸಂಸಾರದಲ್ಲಿ ಮಾವ ಈ ಮಾತನ್ನು ಕೇಳಿದ್ದು ಮೊದಲ ಸಲವಂತೆ. ಇಬ್ಬರೂ ಕ್ಯಾಮೆರಾ ನೋಡಿ ನಿಂತರು. ಇಂಚರ ತುಟಿ ಕಚ್ಚಿಕೊಂಡು ಒತ್ತಿದಳು.

ಸಂಜೆ ಎರಡೂ ಫೋಟೋ ಪಕ್ಕಪಕ್ಕ ಲ್ಯಾಪ್‌ಟಾಪಿನಲ್ಲಿ. ಅತ್ತೆ ಕನ್ನಡಕ ಹಾಕಿಕೊಂಡು ರೇಷ್ಮೆಯದನ್ನು ನೋಡಿ, ‘ಸತ್ಯನಾರಾಯಣ ಪೂಜೆಗೆ ಕೂತಂಗಿದೀನಿ’ ಅಂದರು. ಫ್ರಿಜ್ಜಿಗಲ್ಲ, ಇಂಚರಳಿಗೆ. ಆಮೇಲೆ ನೈಟಿಯದನ್ನು ನೋಡಿದರು. ತುಂಬ ಹೊತ್ತು ನೋಡಿದರು. ನಮಗೆಲ್ಲ ಕರಗಿದರೇನೋ ಅನ್ನಿಸಿತು. ‘ಇಲ್ಲಿ ದೊಡ್ಡದು ಮಾಡೇ’ ಅಂದರು. ಮಾಡಿದಳು. ‘ಇನ್ನೂ.’ ಇನ್ನೂ ಮಾಡಿದಳು. ಹೂವಿನವನ ಮೊಣಕೈ ಪರದೆ ತುಂಬಿತು. ಹೂವಿನ ತುದಿ ಮೊಣಕೈಯಿಂದ ನಾಲ್ಕು ಬೆರಳು ಈಚೆಗೆ, ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿ ಶುರುವಾಗಿತ್ತು.

‘ನೋಡಿದ್ರಾ! ನೋಡಿದ್ರಾರೀ!’ ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು, ಮಂಡಿ ಮರೆತು. ‘ಇಷ್ಟು ವರ್ಷ ಬಡ್ಕೊಂಡೆ, ಯಾರಾದ್ರೂ ನಂಬಿದ್ರಾ?’

ಬೆಳಿಗ್ಗೆ ಹೂವಿನವನನ್ನು ಒಳಗೆ ಕರೆದು, ಕಾಫಿ ಕೊಟ್ಟು, ಸಾಕ್ಷಿ ತೋರಿಸಲಾಯಿತು. ಅವನು ಕಾಫಿ ಪೂರ್ತಿ ಕುಡಿದ. ತನ್ನ ಫೋಟೋ ಅಮೆರಿಕದ ಗೋಡೆಯ ಮೇಲಿದೆ ಅಂತ ಕೇಳಿ ತನಗೂ ಒಂದು ಪ್ರಿಂಟ್ ಬೇಕು ಅಂದ. ಮೊಣಕೈ ವಿಷಯಕ್ಕೆ, ‘ಅದು ಕ್ಯಾಮೆರಾ ದೋಷ ಅಮ್ಮಾ, ಚಿಕ್ಕಮ್ಮಾವ್ರು ಇನ್ನೂ ಕಲೀತಾ ಇದಾರಲ್ಲ’ ಅಂದ.

ಈಗ ಅವಮಾನ ಇಂಚರಳ ಪಾಲಿಗೆ. ಇವತ್ತು ರಾತ್ರಿ ಹನ್ನೊಂದೂವರೆಗೆ ಕೆಮಿಸ್ಟ್ರಿ ಪರೀಕ್ಷೆ ಇಟ್ಟುಕೊಂಡು, ನಾಳೆ ಬೆಳಿಗ್ಗೆ ಆರೂವರೆಗೆ ಯಾವ ಲೆನ್ಸ್ ಅಂತ ಯೋಚಿಸುತ್ತಿದ್ದಾಳೆ. ಮಾವ ವರ್ಕ್‌ಶಾಪಿನ ಕಾಲದ ಸ್ಟೀಲ್ ಸ್ಕೇಲು ಹುಡುಕುತ್ತಿದ್ದಾರೆ. ನ್ಯೂಜೆರ್ಸಿಯ ಫೋಟೋ ಇಳಿಸಬೇಕೋ ಬೇಡವೋ ಅಂತ ಮೆಲ್ಲಗೆ ಕೇಳಿದೆ. ಅತ್ತೆ ಒಗೆದು ಒಣಗಿಸಿದ ನೈಟಿ ಮಡಿಸುತ್ತಾ, ‘ಇರಲಿ ಬಿಡು, ನಾಲ್ಕು ಜನ ನೋಡಲಿ ಅವನ ಮೊಳಾನ’ ಅಂದರು. ಮಂಡ್ಯದ ತಂಗಿಗೆ ಟವೆಲ್ ವಾಪಸು ಕೊಡುವ ಪ್ರಸ್ತಾಪವನ್ನು ಮಾತ್ರ ಯಾರೂ ಎತ್ತಿಲ್ಲ.