ಗೇಟು ತಾತ

ಜೂನ್ ತಿಂಗಳ ಬೆಳಿಗ್ಗೆ ಜಯನಗರ, ಬನಶಂಕರಿ, ರಾಜಾಜಿನಗರದಂಥ ಬಡಾವಣೆಗಳ ಯಾವ ಅಡ್ಡರಸ್ತೆಗೆ ಹೊಕ್ಕರೂ ಅಂಥದೊಂದು ಮನೆ ಸಿಗುತ್ತದೆ. ಯಾರೋ ಆಸೆಪಟ್ಟು ಕಟ್ಟಿಸಿದ ಮನೆ. ಈಗ ಕಾಂಪೌಂಡಿಗೆ ಹಳದಿ ಬಳಿದು, ಜಿರಾಫೆ ಬರೆಸಿ, ಮೇಲೆ ‘ಮಾಂಟೆಸರಿ’ ಎಂದು ಬೋರ್ಡು ಏರಿಸಿದ್ದಾರೆ. ಒಳಗೆ ಹತ್ತಾರು ಗಂಟಲುಗಳ ಆಕ್ರಂದನ. ಹೊರಗೆ, ಎದುರು ಸಾಲಿನ ಹೊಂಗೆ ಮರದ ಕೆಳಗೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಷರ್ಟು, ಬಿಳಿ ವಾಕಿಂಗ್ ಷೂ ತೊಟ್ಟು, ಭುಜಕ್ಕೆ ಗುಲಾಬಿ ಬಣ್ಣದ ಯೂನಿಕಾರ್ನ್ ಬ್ಯಾಗು ತಗುಲಿಸಿಕೊಂಡು ನಿಂತಿರುವವರೇ ಗೇಟು ತಾತ. ಆ ಬ್ಯಾಗು ಮೊಮ್ಮಗಳ ಜೊತೆ ಒಳಗೆ ಹೋಗಬೇಕಿತ್ತು. ಗಡಿಬಿಡಿಯಲ್ಲಿ ಇವರ ಬಳಿಯೇ ಉಳಿಯಿತು ಎಂದು ಹೇಳುತ್ತಾರೆ. ಅದನ್ನು ಕೊಡುವ ನೆಪದಲ್ಲಿ ಇನ್ನೊಂದು ಸಲ ಒಳಗೆ ಹೋಗಬಹುದೆಂಬ ಲೆಕ್ಕ ಮೊದಲೇ ಇತ್ತೆಂದು ಆಯಮ್ಮನ ಗುಮಾನಿ.

ಲೆಕ್ಕ ಎಂದರೆ ತಾತನಿಗೆ ಹಳೆಯ ನಂಟು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದು ಮ್ಯಾನೇಜರಾಗಿ ನಿವೃತ್ತರಾದವರು. ಮೊಮ್ಮಗಳು ಪುಟ್ಟಿಯ ಶಾಲೆಯ ವಿಷಯ ಮನೆಯಲ್ಲಿ ಎದ್ದಾಗ ಡೈರಿ ತೆಗೆದು ಹಿಂದಕ್ಕೆ ಎಣಿಸಿದವರೂ ಅವರೇ. ಒಂದನೇ ತರಗತಿಗೆ ಜೂನ್ 1ಕ್ಕೆ 6 ತುಂಬಿರಬೇಕು ಎಂದು ಸರ್ಕಾರದ ನಿಯಮ. ಹಾಗಾದರೆ ಯುಕೆಜಿಗೆ 5, ಎಲ್‌ಕೆಜಿಗೆ 4, ಪ್ರೀ-ಕೆಜಿಗೆ 3. ಪುಟ್ಟಿಗೆ ಮೂರು ತುಂಬಲು ಇನ್ನೂ ಮೂರು ತಿಂಗಳಿದೆ. 2025-26ನೇ ಸಾಲಿಗೆ ಮಾತ್ರ ಎಂದು ಸರ್ಕಾರ ಒಂದನೇ ತರಗತಿಯ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಇಳಿಸಿದಾಗ ತಾತ ಪತ್ರಿಕೆ ಕತ್ತರಿಸಿ ಇಟ್ಟುಕೊಂಡರು. ಆ ಕಾಗದಕ್ಕೂ ಪುಟ್ಟಿಗೂ ಯಾವ ಸಂಬಂಧವೂ ಇಲ್ಲ. ಆದರೂ ಫೈಲಿನಲ್ಲಿರಲಿ ಎಂದು.

ಇವರನ್ನೇ ಶಾಲೆಗೆ ಸೇರಿಸಿದಾಗ ಫೈಲೂ ಇರಲಿಲ್ಲ, ಜನನ ಪತ್ರವೂ ಇರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರು ಮೇಷ್ಟರು. ಕೈಗೆ ಕಿವಿ ಎಟುಕಿತು, ಹುಡುಗ ಒಂದನೇ ಕ್ಲಾಸು. ಹುಟ್ಟಿದ ತಾರೀಕನ್ನು ಮೇಷ್ಟರೇ ಅನುಕೂಲ ನೋಡಿ ಬರೆದುಕೊಂಡರು. ಅದೇ ತಾರೀಕಿನ ಪ್ರಕಾರ ಬ್ಯಾಂಕು ಇವರನ್ನು ಮನೆಗೂ ಕಳಿಸಿತು. ಆ ತಲೆಮಾರಿನ ಅರ್ಧಕ್ಕರ್ಧ ಜನರ ನಿವೃತ್ತಿಯನ್ನು ನಿಶ್ಚಯಿಸಿದ್ದು ಒಂದನೇ ಕ್ಲಾಸಿನ ಮೇಷ್ಟರು ಎಂದರೆ ಉತ್ಪ್ರೇಕ್ಷೆಯೇನಲ್ಲ.

ಇನ್ನು ಮಗನನ್ನು ಶಾಲೆಗೆ ಬಿಟ್ಟದ್ದು? ತಾತನಿಗೆ ನೆನಪಿಲ್ಲ. ನೆನಪಿರಲು ಅವರು ಅಲ್ಲಿರಲಿಲ್ಲ. ಆಗ ಬ್ಯಾಂಕುಗಳ ವರ್ಷ ಡಿಸೆಂಬರಿಗೆ ಮುಗಿಯುತ್ತಿತ್ತು, ಅರ್ಧವಾರ್ಷಿಕ ಲೆಕ್ಕ ಜೂನ್ 30ಕ್ಕೆ. ಲೆಕ್ಕದ ವರ್ಷ ಮಾರ್ಚಿಗೆ ಬದಲಾದದ್ದು 1989ರಲ್ಲಿ. ಅಷ್ಟರಲ್ಲಿ ಮಗ ಹೈಸ್ಕೂಲಿಗೆ ಹತ್ತಿರ ಬಂದಿದ್ದ. “ನಮ್ಮ ಹುಡುಗ ಅತ್ತನೇನೇ ಮೊದಲ ದಿನ?” ಎಂದು ಈಗ ಹೆಂಡತಿಯನ್ನು ಕೇಳುತ್ತಾರೆ. “ಅತ್ತ, ಒಂದು ವಾರ. ನೀವು ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗ್ಲಿಲ್ಲ ಅಂತ ಅತ್ಕೊಂಡು ಕೂತಿದ್ರಿ” ಎನ್ನುತ್ತಾರೆ ಅಜ್ಜಿ, ಸೊಪ್ಪು ಬಿಡಿಸುತ್ತಾ.

ಆಗ ತಪ್ಪಿಹೋದ ಪಾಳಿಯನ್ನು ಗೇಟು ತಾತ ಈಗ ಬಡ್ಡಿ ಸಮೇತ ತೀರಿಸುತ್ತಿದ್ದಾರೆ. ಮಗ ಸೊಸೆ ಇಬ್ಬರೂ ಮೊದಲೆರಡು ದಿನ ರಜೆ ಹಾಕಿ, ಫೋಟೋ ತೆಗೆದು, ಮೂರನೆಯ ದಿನ ಕಣ್ಣೊರೆಸಿಕೊಂಡು ಆಫೀಸಿನ ಕ್ಯಾಬು ಹತ್ತಿದರು. ಮಗುವನ್ನು ಬಿಡುವ, ಕರೆತರುವ ಅಧಿಕಾರ ತಾತನಿಗೆ ಹಸ್ತಾಂತರವಾಯಿತು. ಶಾಲೆಯ ನಿಯಮ ಸರಳ. ಮೊದಲ ವಾರ ಒಂದೇ ಗಂಟೆ, ಆಮೇಲೆ ಎರಡು, ನಂತರ ಪೂರ್ತಿ. ಟಾಟಾ ಹೇಳಿ, ಎಷ್ಟು ಹೊತ್ತಿಗೆ ಬರುತ್ತೀರೆಂದು ಹೇಳಿ, ಹಿಂದೆ ನೋಡದೆ ಹೊರಡಬೇಕು. ತಾತನಿಗೆ ನಿಯಮದ ಮೊದಲ ಭಾಗ ಒಪ್ಪಿಗೆ. ಹೊರಡುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತಾರೆ. ಕಣ್ತಪ್ಪಿಸಿ ಓಡಿಹೋಗುವುದು ಅವರ ಇನ್ನೊಂದು ತಂತ್ರ. “ಬಿಸ್ಕತ್ತು ತರ್ತೀನಿ ಕಂದಾ, ಈಗ ಬಂದೆ” ಎಂದು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಮರೆಯಾದರು. ಪುಟ್ಟಿ ಅರ್ಧ ಗಂಟೆ ಬಿಸ್ಕತ್ತಿಗಾಗಿ ಬಾಗಿಲನ್ನೇ ನೋಡುತ್ತಾ ಕೂತಳು. ಮರುದಿನ ತಾತನ ಷರ್ಟಿನ ಗುಂಡಿಯನ್ನು ಹಿಡಿದುಕೊಂಡದ್ದು ಬಿಡಲೇ ಇಲ್ಲ. ಗುಂಡಿ ಅವಳ ಕೈಯಲ್ಲಿ ಬಂತು.

“ಅಂಕಲ್, ಸುಳ್ಳು ಹೇಳ್ಬೇಡಿ. ಹೋಗ್ತೀನಿ ಅಂತ್ಲೇ ಹೇಳಿ ಹೋಗಿ. ಅಳ್ತಾಳೆ, ಆದ್ರೆ ನಂಬ್ತಾಳೆ” ಎಂದರು ಮಿಸ್. ಸಾಲ ವಸೂಲಿಗೆ ಹೋಗಿ ಬಂದ ಮನುಷ್ಯನಿಗೆ ಇದು ಗೊತ್ತಿರಬೇಕಿತ್ತು.

ಅಗಲಿಕೆಯ ಈ ಭಯ ಸಾಮಾನ್ಯವಾಗಿ ಎಂಟನೇ ತಿಂಗಳ ಆಸುಪಾಸಿಗೆ ಶುರುವಾಗಿ, ಮೂರು ವರ್ಷದ ಹೊತ್ತಿಗೆ ತಗ್ಗುತ್ತಾ ಬರುತ್ತದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅಂದರೆ ಪ್ರೀ-ಕೆಜಿ ಮಗು ಬರುವುದೇ ಅದರ ಕೊನೆಯ ಕಂತಿನಲ್ಲಿ. ಅಜ್ಜ ಅಜ್ಜಿಯರಿಗೆ ಅದು ಯಾವ ವಯಸ್ಸಿಗೆ ತಗ್ಗುತ್ತದೆಂದು ಯಾವ ವೈದ್ಯರೂ ಹೇಳಿಲ್ಲ.

ನಾಲ್ಕನೆಯ ದಿನ ತಾತ ಕಿಟಕಿ ಪತ್ತೆ ಮಾಡಿದರು. ಪಕ್ಕದ ಸಂದಿಯಿಂದ ಹೋದರೆ, ಸಂಪಿನ ಮುಚ್ಚಳದ ಮೇಲೆ ನಿಂತರೆ, ಪರದೆಯ ಅಂಚಿನಲ್ಲಿ ತರಗತಿ ಕಾಣುತ್ತದೆ. ಅಲ್ಲಿ ಪುಟ್ಟಿ ಗುಲಾಬಿ ಗೋಪುರ ಜೋಡಿಸುತ್ತಿದ್ದಳು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಮರದ ಘನಗಳು, ಮಾಂಟೆಸರಿ ಶಾಲೆ ಎಂದಮೇಲೆ ಇರಲೇಬೇಕಾದ ಸಾಮಾನು. ಏಳನೆಯದನ್ನು ಇಡುವಾಗ ತಲೆಯೆತ್ತಿದಳು. ಕಿಟಕಿಯಲ್ಲಿ ತಾತನ ಕನ್ನಡಕ. ಗೋಪುರ ಉರುಳಿತು, ಪುಟ್ಟಿ ಭೋರೆಂದಳು. ಪಕ್ಕದ ಹುಡುಗ ಅವಳ ಮುಖ ನೋಡಿ ತಾನೂ ಶುರು ಮಾಡಿದ. ಅವನ ಪಕ್ಕದವಳು, ಅವಳಾಚೆಯವನು. ಅಳು ಅಂಟುವುದು ಬರೀ ಮಾತಲ್ಲ. 1971ರಷ್ಟು ಹಿಂದೆಯೇ ಮಾರ್ವಿನ್ ಸಿಮ್ನರ್ ಎಂಬ ಮನಶ್ಶಾಸ್ತ್ರಜ್ಞ ನವಜಾತ ಶಿಶುಗಳಿಗೆ ಇನ್ನೊಂದು ಶಿಶುವಿನ ಅಳುವನ್ನು ಕೇಳಿಸಿ ನೋಡಿದ್ದ. ಅಷ್ಟೇ ಜೋರಾದ ಕೃತಕ ಸದ್ದಿಗಿಂತ ಆ ಅಳುವಿಗೇ ಅವು ಹೆಚ್ಚು ಅತ್ತವು. ಸಂಪಿನ ಮೇಲೆ ನಿಂತ ಬ್ಯಾಂಕ್ ಮ್ಯಾನೇಜರು ಇದನ್ನು ಐದೇ ನಿಮಿಷದಲ್ಲಿ ಇಡೀ ತರಗತಿಗೆ ಸಾಬೀತುಪಡಿಸಿದರು.

ಆಯಮ್ಮ ಸಂದಿಗೆ ಬಂದು ಸೊಂಟಕ್ಕೆ ಕೈಯಿಟ್ಟಳು. “ಸ್ವಾಮೀ, ಒಳಗಿರೋ ಮಕ್ಕಳನ್ನ ನಾನು ಹೆಂಗಾದ್ರೂ ಸಮಾಧಾನ ಮಾಡ್ತೀನಿ. ನಿಮ್ಮನ್ನ ಯಾರು ಮಾಡ್ತಾರೆ? ಇಳೀರಿ.”

ತಾತನ ಇನ್ನೊಂದು ದೂರು, ಮಗು ಕರೆದುಕೊಂಡು ಹೋಗುವಾಗಲೂ ಅಳುತ್ತದೆ ಎಂಬುದು. ಅಷ್ಟು ಹೊತ್ತು ಆಡಿಕೊಂಡಿದ್ದ ಮಗು ಮನೆಯವರ ಮುಖ ಕಂಡೊಡನೆ ಕಟ್ಟಿಟ್ಟದ್ದನ್ನೆಲ್ಲ ಸುರಿಯುತ್ತದೆ. ಎಲ್ಲ ಮಿಸ್‌ಗಳೂ ಕಂಡ ದೃಶ್ಯ ಇದು. ನಂಬಿದವರ ಮುಂದೆ ತಾನೆ ಅಳುವುದು! ತಾತ ಮಾತ್ರ ಇದನ್ನು ಸಾಕ್ಷ್ಯವೆಂದು ಪರಿಗಣಿಸಿ ಮನೆಗೆ ಬರುವ ದಾರಿಯುದ್ದಕ್ಕೂ ಪಾಟೀಸವಾಲು ನಡೆಸುತ್ತಾರೆ. “ಮಿಸ್ ಬೈದ್ರಾ? ಯಾರಾದ್ರೂ ಹೊಡೆದ್ರಾ? ಉಪ್ಪಿಟ್ಟು ಕೊಟ್ರಾ, ತಿಂದ್ಯಾ?” ಪುಟ್ಟಿಯ ಹೇಳಿಕೆ ದಿನವೂ ಒಂದೇ: “ಆನೆ.” ಯಾವ ಆನೆ, ಎಲ್ಲಿಯ ಆನೆ ಎಂಬುದು ಇತ್ಯರ್ಥವಾಗಿಲ್ಲ.

ಬೋರ್ಡಿನ ಮೇಲೆ ಹೆಸರಿರುವ ಮಹಾತಾಯಿಗೂ ಅಗಲಿಕೆಯ ಬಿಸಿ ತಟ್ಟಿತ್ತು. ರೋಮ್‌ನಲ್ಲಿ 1907ರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸರಿಗೆ ತನ್ನ ಸ್ವಂತ ಮಗ ಮಾರಿಯೊನನ್ನು ಎಳವೆಯಲ್ಲಿ ಬೇರೆ ಕುಟುಂಬಕ್ಕೆ ಒಪ್ಪಿಸಿ ದೂರದಿಂದ ನೋಡಿಕೊಳ್ಳಬೇಕಾಗಿ ಬಂತು. 1939ರಲ್ಲಿ ತಾಯಿ ಮಗ ಇಬ್ಬರೂ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಅಹ್ಮದ್‌ನಗರದಲ್ಲಿ ಬಂಧನದಲ್ಲಿಟ್ಟಿತು. ಆಗ ಅವನಿಗೆ ನಲವತ್ತು ದಾಟಿತ್ತು. ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯೆಂದು ಬಿಟ್ಟು ಕಳಿಸಿದರು. ಮಿಸ್ ಈ ಕತೆಯನ್ನು ಪೋಷಕರ ಸಭೆಯಲ್ಲಿ ಹೇಳಿದಾಗ ಎಲ್ಲರಿಗಿಂತ ಮೊದಲು ಮೂಗೊರೆಸಿಕೊಂಡವರು ಯಾರೆಂದು ಬೇರೆ ಹೇಳಬೇಕಿಲ್ಲ.

ಗೇಟು ತಾತಂದಿರ ಈ ತಳಿ ಹಳ್ಳಿಯ ಅಂಗನವಾಡಿಯ ಮುಂದೆ ಅಷ್ಟಾಗಿ ಕಾಣಿಸದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಕಣ್ಣುಬಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಲ್ಲಿ ಮಕ್ಕಳನ್ನು ಮನೆಯಿಂದ ಕರೆತರುವುದು ಸಹಾಯಕಿಯ ಕೆಲಸದಲ್ಲೇ ಸೇರಿದೆ. ಒಂದನ್ನು ಕಂಕುಳಿಗೆ, ಎರಡನ್ನು ಕೈಗೆ ಹಿಡಿದು ಆಕೆ ಹೊರಟರೆ ತಾತ ಹೊಲದ ಕಡೆ ನಡೆದಿರುತ್ತಾನೆ. ಅಮೆರಿಕಕ್ಕೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋದ ಗೇಟು ತಾತಂದಿರ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಕರೆದೊಯ್ಯುವವರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸ್ವಂತ ತಾತನಾದರೂ ಮಗುವನ್ನು ಕೊಡುವುದಿಲ್ಲ. ಪಾಸ್‌ಪೋರ್ಟು ತೋರಿಸಿ, ಮೂಗು ಒಂದೇ ಥರ ಇದೆ ನೋಡಿ ಎಂದು ವಾದಿಸಿ, ಕೊನೆಗೆ ಮಗನಿಗೆ ಫೋನು ಮಾಡಿಸಿದವರಿದ್ದಾರೆ.

ಎರಡು ವಾರ ಕಳೆಯಿತು. ಪುಟ್ಟಿ ಈಗ ಗೇಟಿನ ಹತ್ತಿರ ಬರುತ್ತಲೇ ಕೈ ಬಿಡಿಸಿಕೊಂಡು, ಆಯಮ್ಮನ ಸೆರಗು ಹಿಡಿದು ಒಳಗೆ ಓಡುತ್ತಾಳೆ. ಒಂದು ದಿನ ತಿರುಗಿ ನಿಂತು “ತಾತ, ನೀನು ಹೋಗು” ಎಂದಳು. ತಾತ ಹೋಗಲಿಲ್ಲ. ಹೊಂಗೆ ಮರದ ಕೆಳಗೆ ಈಗ ಅವರೊಬ್ಬರೇ ಅಲ್ಲ. ಎಜಿ ಕಚೇರಿಯವರೊಬ್ಬರು, ಬಿಇಎಲ್‌ನಿಂದ ನಿವೃತ್ತರಾದವರೊಬ್ಬರು, ಮಂಡಿ ಬದಲಿಸಿಕೊಂಡ ಮೇಷ್ಟರೊಬ್ಬರು. ಮಕ್ಕಳ ಅಳುವಿನಿಂದ ಶುರುವಾದ ಮಾತು ತುಟ್ಟಿಭತ್ಯೆ, ಸಕ್ಕರೆಯ ಮಟ್ಟ, ಬಿಡಿಎ ಸೈಟಿನ ವ್ಯಾಜ್ಯಗಳವರೆಗೆ ಹರಿದು, ಎದುರಿನ ಬೇಕರಿಯ ಖಾರಾ ಬನ್ನಿಗೆ ಬಂದು ನಿಲ್ಲುತ್ತದೆ. ಹೊಸದಾಗಿ ಸೇರಿದ ಮಗುವಿನ ಅಜ್ಜ ಯಾರಾದರೂ ಒದ್ದೆಗಣ್ಣಿನಲ್ಲಿ ಈಚೆ ಬಂದರೆ ಗೇಟು ತಾತನೇ ಭುಜ ತಟ್ಟುತ್ತಾರೆ. “ನೀವು ಹಿಂದೆ ತಿರುಗಿ ನೋಡ್ಬಾರ್ದು ಸಾರ್. ಮತ್ತೆ ಆ ಸಂಪಿನ ಮೇಲೆ ಹತ್ಬೇಡಿ, ಮುಚ್ಚಳ ಅಲ್ಲಾಡತ್ತೆ.”

ಶನಿವಾರ ಶಾಲೆಗೆ ರಜೆ. ಬೆಳಿಗ್ಗೆ ಒಂಬತ್ತೂಕಾಲಿಗೆ ತಾತ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಷೂ ಲೇಸು ಕಟ್ಟುತ್ತಿದ್ದರು. ಅಜ್ಜಿ ಅಡುಗೆಮನೆಯಿಂದ ಇಣುಕಿ, “ಇವತ್ತು ರಜ ಕಣ್ರೀ, ಮಗು ಇನ್ನೂ ಎದ್ದೇ ಇಲ್ಲ” ಎಂದರು.

“ಮಲಗಲಿ ಬಿಡೇ, ಅದನ್ಯಾಕೆ ಎಬ್ಬಿಸ್ತೀಯ” ಎಂದು ತಾತ ಛತ್ರಿ ತೆಗೆದುಕೊಂಡರು.